ಗುಂಡಿನಿಂದ ಹಿಂದಕ್ಕೆ: ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ ಆ್ಯಕ್ಷನ್ ಮತ್ತು ಬ್ಯಾರೆಲ್ ಆರಿಸುವ ಸಮಗ್ರ ಮಾರ್ಗದರ್ಶಿ

ಕಸ್ಟಮ್ ರೈಫಲ್ ಕಟ್ಟಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಆ್ಯಕ್ಷನ್‌ಗೆ, ಅಂದರೆ ತೋಟಾ ತುಂಬಿ, ಬೀಗ ಹಾಕಿ, ಖಾಲಿ ಚಿಪ್ಪು ಹೊರಹಾಕುವ ಬೋಲ್ಟ್ ಮತ್ತು ಅದು ಕೂರುವ ರಿಸೀವರ್ ಎರಡೂ ಸೇರಿದ ಭಾಗಕ್ಕೆ. ಬೋಲ್ಟ್ ಎಷ್ಟು ನುಣುಪಾಗಿ ಜಾರುತ್ತದೆ, ಯಾವ ಕಂಪನಿಯದು, ಮೇಲಿನ ಲೇಪನ ಎಂಥದ್ದು ಅಂತೆಲ್ಲ ನೋಡಿ ಕೊಂಡುಬಿಡುತ್ತಾರೆ. ಆಮೇಲೆ ಅದಕ್ಕೆ ಹೊಂದುವ ತೋಟಾ (ಚಿಪ್ಪು, ಮದ್ದು, ಅದಕ್ಕೆ ಕಿಡಿ ಕೊಡುವ ಪ್ರೈಮರ್, ಗುಂಡು ಎಲ್ಲ ಕೂಡಿದ್ದು) ಯಾವುದು, ಬ್ಯಾರೆಲ್ ಯಾವುದು ಅಂತ ಹುಡುಕಾಟ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು.

ಗುರಿಹಲಗೆಯ ತನಕ ಹೋಗುವುದು ಗುಂಡು ಒಂದೇ. ಹಾಗಾಗಿ ಲೆಕ್ಕ ಅಲ್ಲಿಂದ ಶುರುವಾಗಬೇಕು. ಬ್ಯಾರೆಲ್ಲಿನ ಟ್ವಿಸ್ಟ್, ಅಂದರೆ ಒಳಗಿನ ಸುರುಳಿ ಗೆರೆಗಳ ತಿರುವು, ಎಷ್ಟಿರಬೇಕು ಅನ್ನುವುದನ್ನು ಗುಂಡು ಹೇಳುತ್ತದೆ. ಬೋಲ್ಟ್ ಮುಖದ (ಚಿಪ್ಪಿನ ತಳ ಕೂರುವ ಬೋಲ್ಟಿನ ತುದಿ) ಅಳತೆ, ಆ್ಯಕ್ಷನ್ ಉದ್ದ ಎರಡನ್ನೂ ತೋಟಾ ಹೇಳುತ್ತದೆ. ಬ್ಯಾರೆಲ್ಲಿನ ದಪ್ಪ, ಉದ್ದಗಳನ್ನು ನೀವು ಮಾಡಲಿರುವ ಕೆಲಸ ಹೇಳುತ್ತದೆ. ಇಷ್ಟು ಬರೆದಿಟ್ಟುಕೊಂಡ ಮೇಲೆ ನಿಮಗೆ ಹೊಂದುವ ಆ್ಯಕ್ಷನ್‌ಗಳು ಬೆರಳೆಣಿಕೆಯಷ್ಟೇ ಉಳಿಯುತ್ತವೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬ್ಯಾರೆಲ್ ಸವೆಯುವ ಭಾಗ. ಒಳ್ಳೆಯ ಆ್ಯಕ್ಷನ್ ನಾಲ್ಕೈದು ಬ್ಯಾರೆಲ್ ಬದಲಾದರೂ ಗಟ್ಟಿಯಾಗಿಯೇ ಇರುತ್ತದೆ. ಅಂದರೆ ಬ್ಯಾರೆಲ್ ಆರಿಸುವಾಗ ಈಗಿನ ಕೆಲಸ ನೋಡಿ, ಆ್ಯಕ್ಷನ್ ಆರಿಸುವಾಗ ಮುಂದಿನ ಬ್ಯಾರೆಲ್ ಹಾಕುವುದು ಎಷ್ಟು ಸುಲಭ ಅಂತಲೂ ನೋಡಿ.

ಕಾನೂನಿನ ಮಾತು ಚಿಕ್ಕದಾಗಿ. ಹಲವು ದೇಶಗಳಲ್ಲಿ ರಿಸೀವರ್ ಒಂದೇ ಕಾನೂನಿನ ಕಣ್ಣಿಗೆ ಪೂರ್ತಿ ಬಂದೂಕು. ಕೆಲವೆಡೆ ಬ್ಯಾರೆಲ್ಲಿಗೂ ಬೋಲ್ಟಿಗೂ ಬೇರೆ ಬೇರೆ ಪರವಾನಗಿ ಬೇಕು. ಇನ್ನು ಕೆಲವೆಡೆ ಹೊಸ ಬ್ಯಾರೆಲ್ ಕೂರಿಸಿದ ರೈಫಲ್ಲನ್ನು ಪ್ರೂಫ್ ಹೌಸ್ ಎಂಬ ಅಧಿಕೃತ ಬಂದೂಕು ಪರೀಕ್ಷಾಲಯದಲ್ಲಿ ಪರೀಕ್ಷೆ ಮಾಡಿಸದೆ ಮಾರುವಂತಿಲ್ಲ. ಆರ್ಡರ್ ಕೊಡುವ ಮೊದಲು ನಿಮ್ಮಲ್ಲಿನ ನಿಯಮ ತಿಳಿದುಕೊಳ್ಳಿ. ಕೂರಿಸುವ ಕೆಲಸವನ್ನು ಪರವಾನಗಿ ಇರುವ ಗನ್‌ಸ್ಮಿತ್ (ಬಂದೂಕು ಕಟ್ಟುವ ಕುಶಲಕರ್ಮಿ) ಕೈಯಲ್ಲೇ ಮಾಡಿಸಿ.

ಹಂತ 1: ಕೆಲಸ ಯಾವುದು, ತೂಕ ಎಷ್ಟು

"ಎಲ್ಲದಕ್ಕೂ ಆಗುವ ರೈಫಲ್" ಬೇಕು ಅಂತ ಕೇಳುವವರು ಜಾಸ್ತಿ. ಕೊನೆಗೆ ಸಿಗುವುದು ಬೆಟ್ಟ ಹತ್ತಲು ಭಾರ, ಸ್ಪರ್ಧೆಗೆ ಹಗುರ ಆದ ಒಂದು ರೈಫಲ್. ಒಂದು ಕೆಲಸ ಆರಿಸಿ, ಅದಕ್ಕೊಂದು ತೂಕ ಬರೆಯಿರಿ.

ಹೆಗಲಿಗೆ ಹಾಕಿಕೊಂಡು ದಿನವಿಡೀ ನಡೆಯುವ ಬೇಟೆ ರೈಫಲ್ ದುರ್ಬೀನು (ಸ್ಕೋಪ್) ಸೇರಿ 3ರಿಂದ 4 ಕೆ.ಜಿ. ಒಳಗಿದ್ದರೆ ಚೆನ್ನ. ಅಡೆತಡೆಗಳ ಮೇಲೆ ಊರಿ, ಸಮಯದ ಒಳಗೆ ಹಲವು ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಜನ 8-10 ಕೆ.ಜಿ. ರೈಫಲ್ ಹೊರುತ್ತಾರೆ. ಹೊಡೆತದ ಧಕ್ಕೆ ಕಡಿಮೆಯಾಗಿ, ತಮ್ಮ ಗುಂಡು ಎಲ್ಲಿ ಬಿತ್ತು ಅಂತ ತಾವೇ ನೋಡಬೇಕಲ್ವಾ, ಅದಕ್ಕೆ. ಮಲಗಿಕೊಂಡು ದೂರದ ಗುರಿ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ನಿಯಮವೇ ತೂಕ ಹೇಳುತ್ತದೆ: ಎಫ್-ಓಪನ್ ವಿಭಾಗಕ್ಕೆ 10 ಕೆ.ಜಿ. ಮಿತಿ, ಎಫ್-ಟಿಆರ್ ವಿಭಾಗಕ್ಕೆ ಬೈಪಾಡ್ (ಮುಂದಿನ ಎರಡು ಕಾಲಿನ ಊರೆ) ಸೇರಿ 8.25 ಕೆ.ಜಿ. ಎಫ್-ಟಿಆರ್‌ನಲ್ಲಿ .223 ರೆಮಿಂಗ್ಟನ್ ಮತ್ತು .308 ವಿನ್‌ಚೆಸ್ಟರ್ ಬಿಟ್ಟು ಬೇರೆ ತೋಟಾ ನಡೆಯುವುದಿಲ್ಲ (ತೋಟಾದ ಹೆಸರಿನ ಮೊದಲ ಸಂಖ್ಯೆ ಹೆಚ್ಚುಕಡಿಮೆ ಗುಂಡಿನ ವ್ಯಾಸ, ಇಂಚಿನಲ್ಲೋ ಮಿ.ಮೀ.ನಲ್ಲೋ). ನೀವು ಇಳಿಯಲಿರುವ ಸ್ಪರ್ಧೆಯ ನಿಯಮ ಪುಸ್ತಕವನ್ನು ಈ ಹಂತದಲ್ಲೇ ಓದಿ. ಬ್ಯಾರೆಲ್ ಬಂದ ಮೇಲೆ ಓದಿದರೆ ತಡ.

ಹಂತ 2: ಗುಂಡು ಮತ್ತು ಟ್ವಿಸ್ಟ್

ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಒಂದು ಪೂರ್ತಿ ಸುತ್ತಿಗೆ ಎಷ್ಟು ಇಂಚು ಬೇಕೋ ಅದೇ ಟ್ವಿಸ್ಟ್. 1:8 ಅಂದರೆ 8 ಇಂಚಿಗೆ ಒಂದು ಸುತ್ತು. ಸಂಖ್ಯೆ ಚಿಕ್ಕದಾದಷ್ಟೂ ತಿರುಗುವಿಕೆ ಜಾಸ್ತಿ.

ಇಲ್ಲಿ ಎಲ್ಲರೂ ತೂಕದ ಮಾತಾಡುತ್ತಾರೆ. ಆದರೆ ಟ್ವಿಸ್ಟನ್ನು ನಿಜವಾಗಿ ತೀರ್ಮಾನಿಸುವುದು ಗುಂಡಿನ ಉದ್ದ. ಒಂದೇ ವ್ಯಾಸದಲ್ಲಿ ಉದ್ದ ಹೆಚ್ಚಿದಷ್ಟೂ ಹೆಚ್ಚು ತಿರುಗಿಸಬೇಕು. ಸೀಸವಿಲ್ಲದ ಪೂರ್ತಿ ತಾಮ್ರದ ಗುಂಡು ಅಷ್ಟೇ ತೂಕದ ಸೀಸದ ಗುಂಡಿಗಿಂತ ಉದ್ದ ಇರುತ್ತದೆ. ಹಾಗಾಗಿ ತಾಮ್ರದ ಗುಂಡು ಬಳಸುವವರು ತೂಕ ನೋಡಿ ಟ್ವಿಸ್ಟ್ ಆರಿಸಿದರೆ ಎಡವುತ್ತಾರೆ.

ಇದಕ್ಕೆ ಹಳೆಯ ಸೂತ್ರ 1879ರ ಗ್ರೀನ್‌ಹಿಲ್ ಸೂತ್ರ. 150ನ್ನು ಗುಂಡಿನ ವ್ಯಾಸದ ವರ್ಗದಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಟ್ವಿಸ್ಟ್ ಇಂಚಿನಲ್ಲಿ ಬರುತ್ತದೆ. ಅಂದಾಜಿಗೆ ಸಾಕು. ಈಗಿನವರು ಹೆಚ್ಚು ಬಳಸುವುದು ಡಾನ್ ಮಿಲ್ಲರ್ ಅವರ ಸೂತ್ರ. ಅದು ಸ್ಥಿರತೆಗೆ ಒಂದು ಅಂಕ ಕೊಡುತ್ತದೆ. 1ಕ್ಕಿಂತ ಕೆಳಗಿದ್ದರೆ ಗುಂಡು ಅಡ್ಡ ತಿರುಗಿ ಹೋಗುತ್ತದೆ. 1.5 ಅಥವಾ ಅದಕ್ಕಿಂತ ಮೇಲಿದ್ದರೆ ನೆಮ್ಮದಿ.

ಒಂದು ಉದಾಹರಣೆ ಮಾಡೋಣ. 6.5 ಮಿ.ಮೀ. ಗುಂಡು, ವ್ಯಾಸ 0.264 ಇಂಚು, ತೂಕ 140 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ), ಉದ್ದ 1.36 ಇಂಚು ಅಂತಿಟ್ಟುಕೊಳ್ಳಿ. ಮಿಲ್ಲರ್ ಸೂತ್ರಕ್ಕೆ ಹಾಕಿದರೆ 1:8 ಟ್ವಿಸ್ಟಿಗೆ ಸುಮಾರು 1.75 ಬರುತ್ತದೆ. 1:9ಕ್ಕೆ ಸುಮಾರು 1.38. ಎರಡರಲ್ಲೂ ಗುಂಡು ನೇರವಾಗಿಯೇ ಹೋಗುತ್ತದೆ. ಆದರೆ 1:9ರಲ್ಲಿ ಗುಂಡಿನ ಗಾಳಿ ಸೀಳುವ ಶಕ್ತಿ ಸ್ವಲ್ಪ ಕಳೆದುಹೋಗುತ್ತದೆ. ಚಳಿಯ ದಟ್ಟ ಗಾಳಿಯಲ್ಲಿ ಈ ಅಂಕ ಇನ್ನೂ ಇಳಿಯುತ್ತದೆ. ಹಾಗಾಗಿಯೇ ಈ ವ್ಯಾಸದ ಗುಂಡು ಹೊಡೆಯುವ 6.5 ಕ್ರೀಡ್‌ಮೋರ್ ತೋಟಾಗೆ 1:8 ಎಂಬುದು ರೂಢಿಯಾಗಿದೆ.

ಉಳಿದ ವ್ಯಾಸಗಳಲ್ಲಿ ನಡೆಯುವ ಲೆಕ್ಕ ಹೀಗಿದೆ. .223ರಲ್ಲಿ 55 ಗ್ರೇನ್ ಗುಂಡಿಗೆ 1:12 ಸಾಕು. 69 ಗ್ರೇನಿಗೆ 1:9, 75-77ಕ್ಕೆ 1:8, 80 ದಾಟಿದರೆ 1:7. 6 ಮಿ.ಮೀ.ನಲ್ಲಿ 105ರಿಂದ 115 ಗ್ರೇನಿನ ಉದ್ದನೆಯ ಗುಂಡಿಗೆ 1:8 ಅಥವಾ 1:7.5. .308ರಲ್ಲಿ 168 ಗ್ರೇನಿಗೆ 1:12 ನಡೆಯುತ್ತದೆ. 200 ಗ್ರೇನ್ ಮತ್ತು ಮೇಲಿನದ್ದಕ್ಕೆ 1:10 ಹಾಕಿಸಿ.

ಟ್ವಿಸ್ಟ್ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ರೆಮಿಂಗ್ಟನ್ ಕಂಪನಿಯ .244 ತೋಟಾ ಸಾಕ್ಷಿ. 1955ರಲ್ಲಿ ಬಂದಾಗ ಅದರ ರೈಫಲ್‌ಗಳಿಗೆ 1:12 ಟ್ವಿಸ್ಟ್ ಇತ್ತು. ಸಣ್ಣ ಪ್ರಾಣಿಗಳಿಗೆ ಹಗುರ ಗುಂಡು ಅಂತ ಅವರ ಲೆಕ್ಕಾಚಾರ. ಅದೇ ವರ್ಷ ಬಂದ .243 ವಿನ್‌ಚೆಸ್ಟರ್‌ಗೆ 1:10 ಇತ್ತು, 100 ಗ್ರೇನ್ ಗುಂಡು ಹೊಡೆದು ಜಿಂಕೆ ಬೇಟೆಗೂ ಆಗುತ್ತಿತ್ತು. ಜನ .243ರ ಹಿಂದೆ ಹೋದರು. .244ರ ಚಿಪ್ಪು ಕೊಂಚ ದೊಡ್ಡದೇ ಇದ್ದರೂ ಪ್ರಯೋಜನವಾಗಲಿಲ್ಲ. 1963ರಲ್ಲಿ ಅದೇ ತೋಟಾವನ್ನು 6 ಮಿ.ಮೀ. ರೆಮಿಂಗ್ಟನ್ ಎಂಬ ಹೊಸ ಹೆಸರಲ್ಲಿ 1:9 ಟ್ವಿಸ್ಟಿನೊಂದಿಗೆ ತಂದರು. ಅಷ್ಟರಲ್ಲಿ ಮಾರುಕಟ್ಟೆ ಕೈತಪ್ಪಿತ್ತು.

ಎರಡರ ನಡುವೆ ಅನುಮಾನ ಬಂದರೆ ಹೆಚ್ಚು ತಿರುಗಿಸುವ ಟ್ವಿಸ್ಟನ್ನೇ ತೆಗೆದುಕೊಳ್ಳಿ. ಒಳ್ಳೆಯ ಗುಂಡುಗಳಿಗೆ ತುಸು ಜಾಸ್ತಿ ತಿರುಗಿದರೆ ಅಂಥ ನಷ್ಟವಿಲ್ಲ. ತೆಳು ಹೊದಿಕೆಯ ಹಗುರ ಗುಂಡುಗಳು ಮಾತ್ರ ಅತಿ ವೇಗದಲ್ಲಿ ಗಾಳಿಯಲ್ಲೇ ಚೂರಾಗಬಹುದು.

ಹಂತ 3: ತೋಟಾದಿಂದ ಎರಡು ಅಳತೆ

ಗುಂಡು ಗೊತ್ತಾದ ಮೇಲೆ ಅದನ್ನು ಬೇಕಾದ ವೇಗದಲ್ಲಿ ತಳ್ಳುವ ತೋಟಾ ಆರಿಸಿ. ಇಲ್ಲಿ ಬರೆದಿಟ್ಟುಕೊಳ್ಳಬೇಕಾದ್ದು ಎರಡೇ ಅಳತೆ.

ಮೊದಲನೆಯದು ಚಿಪ್ಪಿನ ತಳದ ವ್ಯಾಸ. ಬೋಲ್ಟ್ ಮುಖ ಇದಕ್ಕೆ ಸರಿಹೊಂದಬೇಕು. .223 ಕುಟುಂಬಕ್ಕೆ 0.378 ಇಂಚು. .308, 6.5 ಕ್ರೀಡ್‌ಮೋರ್, .30-06 ಎಲ್ಲಕ್ಕೂ 0.473. .300 ವಿನ್‌ಚೆಸ್ಟರ್ ಮ್ಯಾಗ್ನಂ, 6.5 ಪಿಆರ್‌ಸಿ, 7 ಮಿ.ಮೀ. ಪಿಆರ್‌ಸಿ ಇವಕ್ಕೆ 0.532. .338 ಲಪುವಾ ಮ್ಯಾಗ್ನಂಗೆ 0.588.

ಎರಡನೆಯದು ಗುಂಡು ಸೇರಿದ ತೋಟಾದ ಪೂರ್ತಿ ಉದ್ದ. .308ರ ಗರಿಷ್ಠ 2.810 ಇಂಚು, ಇದು ಶಾರ್ಟ್ ಆ್ಯಕ್ಷನ್. .30-06 ಮತ್ತು .300 ವಿನ್‌ಚೆಸ್ಟರ್ ಮ್ಯಾಗ್ನಂಗೆ 3.340, ಇವು ಲಾಂಗ್ ಆ್ಯಕ್ಷನ್. .375 ಎಚ್ ಆ್ಯಂಡ್ ಎಚ್ 3.600 ಇಂಚು, .300 ಪಿಆರ್‌ಸಿ 3.700. ಇವಕ್ಕೆ ಇನ್ನೂ ಉದ್ದನೆಯ ಮ್ಯಾಗಜೀನ್ (ತೋಟಾ ತುಂಬಿಡುವ ಪೆಟ್ಟಿಗೆ) ಬೇಕು.

ಗಡಿಯ ಮೇಲಿರುವ ತೋಟಾಗಳ ಬಗ್ಗೆ ಹುಷಾರು. 6.5 ಪಿಆರ್‌ಸಿಯ ಗರಿಷ್ಠ ಉದ್ದ 2.955 ಇಂಚು. ಕಾಗದದ ಮೇಲೆ ಅದು ಶಾರ್ಟ್ ಆ್ಯಕ್ಷನ್ ತೋಟಾ. ಆದರೆ ಸಾಮಾನ್ಯ ಶಾರ್ಟ್ ಆ್ಯಕ್ಷನ್ ಪೆಟ್ಟಿಗೆ ಮ್ಯಾಗಜೀನಿನ ಒಳ ಉದ್ದ 2.9 ಇಂಚಿನ ಆಸುಪಾಸು. ಆಗ ಗುಂಡನ್ನು ಚಿಪ್ಪಿನೊಳಗೆ ಆಳಕ್ಕೆ ತಳ್ಳಬೇಕಾಗುತ್ತದೆ, ಮದ್ದಿನ ಜಾಗ ಕಡಿಮೆಯಾಗುತ್ತದೆ. ಇಂಥ ತೋಟಾಗೆ ಮಧ್ಯಮ ಉದ್ದದ ಆ್ಯಕ್ಷನ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಲಾಂಗ್ ಆ್ಯಕ್ಷನ್ ತಗೊಳ್ಳಿ. ಅರ್ಧ ಇಂಚು ಹೆಚ್ಚು ಬೋಲ್ಟ್ ಎಳೆದರೆ ಯಾರ ಕೈಯೂ ಸೋಲುವುದಿಲ್ಲ.

ಬ್ಯಾರೆಲ್ ಆಯುಷ್ಯವನ್ನೂ ಇಲ್ಲೇ ಯೋಚಿಸಿ. ಚಿಕ್ಕ ಕೊಳವೆಯಲ್ಲಿ ಹೆಚ್ಚು ಮದ್ದು ಸುಟ್ಟಷ್ಟೂ ಚೇಂಬರ್ (ಬ್ಯಾರೆಲ್ಲಿನ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಮುಂದಿನ ಭಾಗ ಬೇಗ ಸುಟ್ಟುಹೋಗುತ್ತದೆ. ನಿಖರ ಗುರಿಯ ಮಟ್ಟಿಗೆ ಹೇಳುವುದಾದರೆ .308 ಬ್ಯಾರೆಲ್ 5000 ಗುಂಡು ತಡೆಯುವುದು ಸಾಮಾನ್ಯ. 6.5 ಕ್ರೀಡ್‌ಮೋರ್ 2000-3000. 6 ಮಿ.ಮೀ. ಕ್ರೀಡ್‌ಮೋರ್ ಅದಕ್ಕೂ ಕಡಿಮೆ. 6.5-284 ಸಾವಿರದ ಆಸುಪಾಸಿನಲ್ಲೇ ಸುಸ್ತಾಗುತ್ತದೆ. ಬಿಸಿ ಬ್ಯಾರೆಲ್ಲಿನಲ್ಲಿ ಎಡೆಬಿಡದೆ ಹೊಡೆದರೆ ಈ ಅಂಕಿಗಳೂ ಉಳಿಯುವುದಿಲ್ಲ.

ಹಂತ 4: ಆ್ಯಕ್ಷನ್

ಈಗ ನಿಮ್ಮ ಕೈಯಲ್ಲಿ ಬೋಲ್ಟ್ ಮುಖ, ಉದ್ದ, ತೂಕ ಮೂರೂ ಇವೆ. ಮೊದಲ ಪ್ರಶ್ನೆ: ಕಾರ್ಖಾನೆ ರೈಫಲ್ಲಿನ ಆ್ಯಕ್ಷನ್ ಬಿಚ್ಚಿ ಬಳಸುವುದೋ, ಹೊಸ ಕಸ್ಟಮ್ ಆ್ಯಕ್ಷನ್ ಕೊಳ್ಳುವುದೋ?

ಕಾರ್ಖಾನೆಯವುಗಳಲ್ಲಿ ಹೆಚ್ಚು ಬಳಕೆಯಾಗುವುದು ರೆಮಿಂಗ್ಟನ್ 700. 1962ರಲ್ಲಿ ಬಂದದ್ದು. ದುಂಡನೆಯ ಕೊಳವೆಯಂಥ ರಿಸೀವರ್, ಲೇತ್ ಮೇಲೆ ಕೂರಿಸಿ ಕೆಲಸ ಮಾಡಲು ಸುಲಭ. ಅದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಅದರ ತಳದ ಆಕಾರ ಮತ್ತು ಸ್ಕ್ರೂ ಅಂತರಕ್ಕೆ ಹೊಂದುವ ಸ್ಟಾಕ್ (ಆ್ಯಕ್ಷನ್ ಕೂರುವ, ಹೆಗಲಿಗೆ ಆನಿಸುವ ಭಾಗ), ಚಾಸಿ (ಲೋಹದ ಸ್ಟಾಕ್), ಟ್ರಿಗರ್‌ಗಳು ಬೇರೆ ಯಾವುದಕ್ಕೂ ಸಿಗದಷ್ಟು ಸಿಗುತ್ತವೆ. ಇದನ್ನು 700 ಫುಟ್‌ಪ್ರಿಂಟ್ ಅನ್ನುತ್ತಾರೆ. ಈಗಿನ ಕಸ್ಟಮ್ ಆ್ಯಕ್ಷನ್‌ಗಳಲ್ಲಿ ಬಹುಪಾಲು ಇದೇ ಅಳತೆಗೆ ಮಾಡಿದವು.

ಆದರೆ 700ಕ್ಕೆ ತನ್ನದೇ ದೋಷಗಳೂ ಇವೆ. ಹೊಡೆತದ ಧಕ್ಕೆಯನ್ನು ಸ್ಟಾಕಿಗೆ ದಾಟಿಸುವ ರಿಕಾಯಿಲ್ ಲಗ್ ಬೇರೆ ಬಿಲ್ಲೆಯಾಗಿ ಬ್ಯಾರೆಲ್ಲಿಗೂ ರಿಸೀವರಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಬೋಲ್ಟ್ ಹಿಡಿ ಬೆಸುಗೆ ಹಾಕಿ ಕೂರಿಸಿದ್ದು. ಅದು ಒಂದಿಷ್ಟು ಹಿಂದೆ ಕೂತಿದ್ದರೆ, ಹಿಡಿ ಮೇಲೆತ್ತುವಾಗ ಖಾಲಿ ಚಿಪ್ಪನ್ನು ಸಡಿಲಿಸುವ ಮೊದಲ ಎಳೆತ ಸರಿಯಾಗಿ ಬರುವುದಿಲ್ಲ. ಹಳೆಯ ಆ್ಯಕ್ಷನ್ ಕೊಳ್ಳುವಾಗ ಇದನ್ನು ಕೈಯಲ್ಲೇ ನೋಡಬಹುದು. ಬೋಲ್ಟನ್ನು ಮುಚ್ಚಿ, ಹಿಡಿಯನ್ನು ನಿಧಾನ ಮೇಲೆತ್ತಿ. ಎತ್ತುವಿಕೆಯ ಕೊನೆಗೆ ಬೋಲ್ಟ್ ತಾನಾಗಿ ಒಂದೆರಡು ಮಿ.ಮೀ. ಹಿಂದೆ ಸರಿಯಬೇಕು. ಸರಿಯದಿದ್ದರೆ ಹೆಚ್ಚು ಒತ್ತಡದ ತೋಟಾ ಹೊಡೆದಾಗ ಚಿಪ್ಪು ಅಂಟಿಕೊಂಡು ಕಾಡುತ್ತದೆ.

ಸ್ಯಾವೇಜ್ 110 ಬಂದದ್ದು 1958ರಲ್ಲಿ. ನೋಡಲು ಸುಂದರ ಅಂತ ಯಾರೂ ಹೇಳುವುದಿಲ್ಲ. ಆದರೆ ಅದರ ಬೋಲ್ಟ್ ತಲೆ ಬಿಚ್ಚಿ ಬೇರೆ ಅಳತೆಯದ್ದು ಹಾಕಬಹುದು, ಬ್ಯಾರೆಲ್ ಒಂದು ನಟ್‌ನಿಂದ ಬಿಗಿಯುತ್ತದೆ. ಬ್ಯಾರೆಲ್ ಬದಲಿಸುವ ಸುಲಭದಲ್ಲಿ ಕಾರ್ಖಾನೆ ಆ್ಯಕ್ಷನ್‌ಗಳ ಪೈಕಿ ಇದಕ್ಕೇ ನನ್ನ ಮತ.

ಟಿಕ್ಕಾ ಟಿ3 ನುಣುಪಿನಲ್ಲಿ ಕಾರ್ಖಾನೆಯವುಗಳ ರಾಜ. ಎಲ್ಲ ತೋಟಾಗಳಿಗೂ ಒಂದೇ ಉದ್ದದ ರಿಸೀವರ್, ಬೋಲ್ಟ್ ತಡೆ ಮತ್ತು ಮ್ಯಾಗಜೀನ್ ಮಾತ್ರ ಬದಲು. ರಿಕಾಯಿಲ್ ಲಗ್ ಸ್ಟಾಕಿನಲ್ಲಿ ಇರುತ್ತದೆ, ಹಾಗಾಗಿ 700ರ ಸ್ಟಾಕ್ ಇದಕ್ಕೆ ಕೂರುವುದಿಲ್ಲ.

ಮೌಸರ್ 98 ಮತ್ತು ಹಳೆಯ ವಿನ್‌ಚೆಸ್ಟರ್ 70 ಬೇಟೆಗಾರರ ಅಚ್ಚುಮೆಚ್ಚು. ಅವುಗಳ ಉದ್ದನೆಯ ಪಂಜದಂಥ ಎಕ್ಸ್‌ಟ್ರಾಕ್ಟರ್ (ಚಿಪ್ಪನ್ನು ಹಿಂದಕ್ಕೆ ಎಳೆಯುವ ಕೊಕ್ಕೆ) ತೋಟಾ ಮ್ಯಾಗಜೀನಿನಿಂದ ಎದ್ದ ಕೂಡಲೇ ಹಿಡಿದುಕೊಳ್ಳುತ್ತದೆ. ಇದಕ್ಕೆ ಕಂಟ್ರೋಲ್ಡ್ ಫೀಡ್ ಎನ್ನುತ್ತಾರೆ. ಬೋಲ್ಟನ್ನು ಅರ್ಧ ತಳ್ಳಿ ವಾಪಸ್ ಎಳೆದರೂ ತೋಟಾ ಒಳಗೆ ಉಳಿದು ಎರಡನೆಯದು ಡಿಕ್ಕಿ ಹೊಡೆಯುವ ಗೊಂದಲ ಆಗುವುದಿಲ್ಲ. ಅಪಾಯಕಾರಿ ಪ್ರಾಣಿಗಳ ಎದುರು ನಿಲ್ಲುವ ರೈಫಲ್ಲಿಗೆ ಇದು ಬೇಕೇ ಬೇಕು. ಬೆಂಚ್ ಮೇಲಿಂದ ಕಾಗದ ಹೊಡೆಯುವವರಿಗೆ ಇದರಿಂದ ಅಂಥ ವ್ಯತ್ಯಾಸವಿಲ್ಲ, ಪುಶ್ ಫೀಡ್ (ತೋಟಾವನ್ನು ಹಿಡಿಯದೆ ಬರೀ ಮುಂದೆ ತಳ್ಳುವ ಬಗೆ) ಸಾಕು.

ಹಳೆಯ ಸೈನಿಕ ಆ್ಯಕ್ಷನ್‌ಗಳ ಬಗ್ಗೆ ಒಂದು ಎಚ್ಚರಿಕೆ. ಸ್ಪ್ರಿಂಗ್‌ಫೀಲ್ಡ್ 1903 ರೈಫಲ್‌ಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯ ರಿಸೀವರ್‌ಗಳು ಹದ ತಪ್ಪಿ ಗಡುಸಾದವು, ಒಡೆದುಹೋಗಿರುವ ಉದಾಹರಣೆಗಳಿವೆ. ಅಗ್ಗಕ್ಕೆ ಸಿಕ್ಕಿತು ಅಂತ ಇವಕ್ಕೆ ಹೊಸ ಬ್ಯಾರೆಲ್ ಹಾಕಿಸಬೇಡಿ. ಇತಿಹಾಸ ಗೊತ್ತಿಲ್ಲದ ಯಾವ ಹಳೆಯ ಆ್ಯಕ್ಷನ್ನನ್ನೂ ಹೆಚ್ಚು ಒತ್ತಡದ ತೋಟಾಗೆ ಬಳಸಬಾರದು.

ಈಗ ಲೆಕ್ಕ. ಕಾರ್ಖಾನೆ ಆ್ಯಕ್ಷನ್ ತಗೊಂಡರೆ ಅದನ್ನು ನೇರ ಮಾಡಿಸಬೇಕು. ರಿಸೀವರಿನ ಮುಂಭಾಗ, ಥ್ರೆಡ್, ಬೋಲ್ಟಿನ ಲಗ್‌ಗಳು (ಬೀಗ ಹಾಕುವ ಉಬ್ಬುಗಳು) ಕೂರುವ ಜಾಗ, ಬೋಲ್ಟ್ ಮುಖ, ಇವೆಲ್ಲ ಒಂದೇ ಅಕ್ಷಕ್ಕೆ ಬರುವಂತೆ ಲೇತ್ ಮೇಲೆ ಕೆಲಸ. ಬ್ಲೂಪ್ರಿಂಟಿಂಗ್ ಅನ್ನುವುದು ಇದಕ್ಕೇ. ಅದರ ಮೇಲೆ ದಪ್ಪ ರಿಕಾಯಿಲ್ ಲಗ್, ಹೊಸ ಎಕ್ಸ್‌ಟ್ರಾಕ್ಟರ್, ಟ್ರಿಗರ್, ಸ್ಕೋಪ್ ರೈಲು. ಎಲ್ಲ ಕೂಡಿಸಿ ನೋಡಿ. ಬಹಳ ಸಲ ಮೊತ್ತ ಕಸ್ಟಮ್ ಆ್ಯಕ್ಷನ್ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮನೆಯಲ್ಲಿ ಈಗಾಗಲೇ ಒಂದು ಒಳ್ಳೆಯ 700 ಇದ್ದರೆ ಮಾತು ಬೇರೆ. ಇಲ್ಲದಿದ್ದರೆ, ಬಿಚ್ಚುವುದಕ್ಕೋಸ್ಕರ ಹೊಸ ರೈಫಲ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಕಸ್ಟಮ್ ಆ್ಯಕ್ಷನ್‌ಗಳಲ್ಲಿ ಡಿಫಯನ್ಸ್, ಇಂಪ್ಯಾಕ್ಟ್, ಝರ್ಮಾಟ್, ಬ್ಯಾಟ್, ಸ್ಟಿಲ್ಲರ್, ಬೋರ್ಡೆನ್, ಬಾರ್ನಾರ್ಡ್ ಹೀಗೆ ಹೆಸರುಗಳು ಬಹಳ. ಬ್ಯಾಟ್ ಬೆಂಚ್‌ರೆಸ್ಟ್‌ನವರ (ಮೇಜಿನ ಮೇಲೆ ಊರಿ ಅತಿ ನಿಖರವಾಗಿ ಹೊಡೆಯುವ ಸ್ಪರ್ಧೆಯವರ) ಮೆಚ್ಚಿನದು, ನ್ಯೂಜಿಲೆಂಡಿನ ಬಾರ್ನಾರ್ಡ್ ದೂರದ ಗುರಿ ಸ್ಪರ್ಧೆಯವರದು. ಹೆಸರು ಬಿಟ್ಟು ಈ ವಿಷಯಗಳನ್ನು ಕೇಳಿ.

ಲಗ್ ಎರಡೋ ಮೂರೋ? ಎರಡು ಲಗ್ಗಿನ ಬೋಲ್ಟ್ ತೆರೆಯಲು 90 ಡಿಗ್ರಿ ಎತ್ತಬೇಕು, ಮೂರು ಲಗ್ಗಿನದು 60 ಡಿಗ್ರಿ. 60 ಕೇಳಲು ಚೆಂದ, ಸ್ಕೋಪಿಗೂ ಬೆರಳಿಗೂ ನಡುವೆ ಜಾಗ ಸಿಗುತ್ತದೆ. ಆದರೆ ಫೈರಿಂಗ್ ಪಿನ್ನಿನ ಅದೇ ಸ್ಪ್ರಿಂಗನ್ನು ಕಡಿಮೆ ತಿರುಗಿಸುವಿಕೆಯಲ್ಲಿ ಒತ್ತಬೇಕು. ಹಾಗಾಗಿ ಎತ್ತುವಾಗ ಬಿಗಿ ಅನ್ನಿಸುತ್ತದೆ. ಊರಿಟ್ಟ ರೈಫಲ್ ಪ್ರತಿ ಸಲ ಅಲುಗಾಡಿದರೆ ಸ್ಪರ್ಧೆಯಲ್ಲಿ ತೊಂದರೆ. ನನಗೆ ಎರಡು ಲಗ್ಗೇ ಇಷ್ಟ.

ಖಾಲಿ ಚಿಪ್ಪು ಹೊರಗೆಸೆಯುವ ಎಜೆಕ್ಟರ್ ಯಾವ ಬಗೆಯದು? ಬೋಲ್ಟ್ ಮುಖದಲ್ಲಿನ ಸ್ಪ್ರಿಂಗ್ ಕಡ್ಡಿ ತೋಟಾವನ್ನು ಸದಾ ಒಂದು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಆದರೆ ಖಾಲಿ ಚಿಪ್ಪನ್ನು ಖಂಡಿತ ಹೊರಗೆ ಎಸೆಯುತ್ತದೆ. ರಿಸೀವರಿನಲ್ಲಿ ಕೂತ ತಗಡಿನ ಬಗೆಯಾದರೆ ನೀವು ಬೋಲ್ಟ್ ಎಳೆದ ವೇಗಕ್ಕೆ ತಕ್ಕಂತೆ ಎಸೆಯುತ್ತದೆ. ಚಿಪ್ಪು ಆರಿಸಿಟ್ಟು ಮತ್ತೆ ತುಂಬುವವರಿಗೆ ಎರಡನೆಯದು ಅನುಕೂಲ.

ಪ್ರೈಮರ್ ತೂತಾದರೆ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಇದನ್ನು ಯಾರೂ ಕೇಳುವುದೇ ಇಲ್ಲ. ರಿಸೀವರ್ ಪಕ್ಕದಲ್ಲಿ ಮತ್ತು ಬೋಲ್ಟಿನಲ್ಲಿ ಗ್ಯಾಸ್ ಹೊರಹೋಗುವ ತೂತುಗಳಿರಬೇಕು, ಬೋಲ್ಟಿನ ಹಿಂಭಾಗದ ಕವಚ ಮುಖದ ಕಡೆ ಬರುವ ಗ್ಯಾಸನ್ನು ಬದಿಗೆ ತಿರುಗಿಸಬೇಕು. ನಿಮ್ಮ ಕಣ್ಣು ಅಲ್ಲಿಂದ ಗೇಣಳತೆ ದೂರದಲ್ಲಿರುತ್ತದೆ.

ಕೊನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ತಯಾರಕರು ಎಲ್ಲ ಆ್ಯಕ್ಷನ್‌ಗಳಲ್ಲೂ ಬೋಲ್ಟ್ ಮುಖದಿಂದ ರಿಸೀವರ್ ಮುಂಭಾಗದ ತನಕದ ದೂರವನ್ನು ಒಂದೇ ಅಳತೆಗೆ ಹಿಡಿದಿಡುತ್ತಾರಾ? ಹಿಡಿದಿಟ್ಟರೆ ಆ್ಯಕ್ಷನ್ ಕಳಿಸದೆಯೇ ಅದಕ್ಕೆ ಬ್ಯಾರೆಲ್ ಮಾಡಿಸಬಹುದು. ಮುಂದಿನ ಹತ್ತು ವರ್ಷದ ತಲೆನೋವು ಇದೊಂದರಿಂದ ಕಡಿಮೆಯಾಗುತ್ತದೆ.

ಹಂತ 5: ಬ್ಯಾರೆಲ್

ಉಕ್ಕು ಎರಡು ಬಗೆ. 416ಆರ್ ಎಂಬ ಸ್ಟೇನ್‌ಲೆಸ್, ಮತ್ತು 4140ರಂಥ ಕ್ರೋಮ್-ಮಾಲಿ. ಕಸ್ಟಮ್ ಬ್ಯಾರೆಲ್‌ಗಳಲ್ಲಿ ಸ್ಟೇನ್‌ಲೆಸ್ಸೇ ಹೆಚ್ಚು. ಹಳೆಯ ಕಾಲದ ಕಡು ನೀಲಿ ಬಣ್ಣ ಬೇಕೆನ್ನುವವರು ಕ್ರೋಮ್-ಮಾಲಿ ತಗೊಳ್ಳಲಿ. ನಿಖರತೆಯಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ.

ಗೆರೆ ಹಾಕುವ ವಿಧಾನದ ಬಗ್ಗೆ ವಾದ ಮುಗಿಯುವುದೇ ಇಲ್ಲ. ಕಟ್ ರೈಫ್ಲಿಂಗ್‌ನಲ್ಲಿ ಒಂದು ಚಿಕ್ಕ ಉಳಿ ಪ್ರತಿ ಸಲ ಕೂದಲೆಳೆಯಷ್ಟು ಲೋಹ ಕೆರೆಯುತ್ತ ನೂರಾರು ಸಲ ಹಾಯುತ್ತದೆ. ನಿಧಾನ, ಆದರೆ ಉಕ್ಕಿನೊಳಗೆ ಹೊಸ ಒತ್ತಡ ಸೇರುವುದಿಲ್ಲ. ಕ್ರೀಗರ್, ಬಾರ್ಟ್‌ಲೈನ್, ಬ್ರಕ್ಸ್ ಈ ಗುಂಪಿನವರು. ಬಟನ್ ರೈಫ್ಲಿಂಗ್‌ನಲ್ಲಿ ಗಡಸು ಕಾರ್ಬೈಡ್ ಗುಂಡಿಯೊಂದನ್ನು ಒಂದೇ ಸಲಕ್ಕೆ ಹಾಯಿಸಿ ಗೆರೆಗಳನ್ನು ಒತ್ತುತ್ತಾರೆ. ಬೇಗ ಆಗುತ್ತದೆ, ಒಳಮೈ ನುಣುಪು. ಆಮೇಲೆ ಕಾಯಿಸಿ ಒತ್ತಡ ಇಳಿಸಬೇಕು. ಶಿಲೆನ್, ಲಿಲ್ಯಾ, ಹಾರ್ಟ್ ಈ ಗುಂಪು. ಅಚ್ಚಿನ ಸುತ್ತ ಉಕ್ಕನ್ನು ಬಡಿದು ಗೆರೆ ಮೂಡಿಸುವ ಹ್ಯಾಮರ್ ಫೋರ್ಜಿಂಗ್ ದೊಡ್ಡ ಕಾರ್ಖಾನೆಗಳ ದಾರಿ. ಮೊದಲ ಎರಡೂ ಗುಂಪಿನ ಬ್ಯಾರೆಲ್‌ಗಳು ದಾಖಲೆ ಮಾಡಿವೆ. ವಿಧಾನಕ್ಕಿಂತ ಒಳವ್ಯಾಸ ಕೊನೆತನಕ ಒಂದೇ ಸಮ ಇದೆಯಾ, ಕೈಯಿಂದ ಲ್ಯಾಪಿಂಗ್ (ಒಳಮೈ ಉಜ್ಜಿ ನುಣುಪಾಗಿಸುವುದು) ಮಾಡಿದ್ದಾರಾ ಅನ್ನುವುದು ಮುಖ್ಯ. ಗೆರೆ ನಾಲ್ಕೋ, ಐದೋ, ಆರೋ, 5ಆರ್ ಆಕಾರವೋ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ತಯಾರಕರು ರೂಢಿಯಲ್ಲಿ ಏನು ಕೊಡುತ್ತಾರೋ ಅದನ್ನೇ ತಗೊಳ್ಳಿ.

ದಪ್ಪ, ಉದ್ದಗಳಲ್ಲಿ ಗಣಿತ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾರೆಲ್ ಬಾಗದೆ ನಿಲ್ಲುವ ಗುಣ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಮೂರನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವ್ಯಾಸ ಶೇ. 10 ಹೆಚ್ಚಿಸಿದರೆ ತೂಕ ಸುಮಾರು ಶೇ. 21 ಏರುತ್ತದೆ, ಬಿಗಿ ಶೇ. 46 ಏರುತ್ತದೆ. ಅದೇ ದಪ್ಪದಲ್ಲಿ 24 ಇಂಚನ್ನು 20ಕ್ಕೆ ಇಳಿಸಿದರೆ ಬಿಗಿ ಶೇ. 70ಕ್ಕಿಂತ ಹೆಚ್ಚು ಏರುತ್ತದೆ, ತೂಕವೂ ಕಡಿಮೆ. ಹಗುರ ರೈಫಲ್ ಬೇಕಾದವರು ಉದ್ದ ತೆಳು ಬ್ಯಾರೆಲ್ ಬಿಟ್ಟು ಗಿಡ್ಡ ಬ್ಯಾರೆಲ್ ಕಡೆ ನೋಡಬೇಕು ಅನ್ನುವುದು ಇದಕ್ಕೇ.

ಗಿಡ್ಡ ಮಾಡಿದರೆ ವೇಗ ಹೋಗುವುದಿಲ್ಲವಾ? ಹೋಗುತ್ತದೆ. .308ರಂಥ ತೋಟಾದಲ್ಲಿ ಇಂಚಿಗೆ ಸೆಕೆಂಡಿಗೆ 20-25 ಅಡಿ ಅಂತ ಇಟ್ಟುಕೊಳ್ಳಿ. ಮ್ಯಾಗ್ನಂಗಳಲ್ಲಿ ಇನ್ನೂ ಹೆಚ್ಚು. 300 ಮೀಟರ್ ಒಳಗಿನ ಬೇಟೆಗೆ 20-22 ಇಂಚು ಧಾರಾಳ. ಸೈಲೆನ್ಸರ್ ಬಳಸಲು ಅವಕಾಶವಿರುವವರು ಇನ್ನೂ ಗಿಡ್ಡ ಮಾಡಿಸುತ್ತಾರೆ. ಸ್ಪರ್ಧೆಗೆ 26, ಎಫ್-ಕ್ಲಾಸಿಗೆ 28-32.

ತೂಕದ ಅಂದಾಜಿಗೆ ಒಂದು ಅಂಕಿ. 1.25 ಇಂಚು ದಪ್ಪದ, ಇಳಿಜಾರಿಲ್ಲದ 28 ಇಂಚಿನ .30 ವ್ಯಾಸದ ಬ್ಯಾರೆಲ್ ಒಂದೇ 4 ಕೆ.ಜಿ. ದಾಟುತ್ತದೆ. ತಯಾರಕರ ಪಟ್ಟಿಯಲ್ಲಿ ಪ್ರತಿ ಆಕಾರಕ್ಕೂ ತೂಕ ಕೊಟ್ಟಿರುತ್ತಾರೆ. ಹಂತ 1ರಲ್ಲಿ ಬರೆದ ತೂಕದಿಂದ ಸ್ಕೋಪ್, ಸ್ಟಾಕ್, ಆ್ಯಕ್ಷನ್ ತೂಕ ಕಳೆಯಿರಿ. ಉಳಿದದ್ದೇ ಬ್ಯಾರೆಲ್ಲಿಗೆ ಸಿಗುವ ಪಾಲು.

ಫ್ಲೂಟಿಂಗ್, ಅಂದರೆ ಹೊರಮೈಯಲ್ಲಿ ಉದ್ದುದ್ದ ಕಾಲುವೆ ತೋಡುವುದು, ತೂಕ ಇಳಿಸುತ್ತದೆ. ಅಷ್ಟೇ ತೂಕದ ತೆಳು ಬ್ಯಾರೆಲ್ಲಿಗಿಂತ ಅದು ಬಿಗಿ ಹೌದು. ಆದರೆ ತೋಡುವ ಮೊದಲಿಗಿಂತ ಬಿಗಿಯಾಯಿತು ಅನ್ನುವವರ ಮಾತು ನಂಬಬೇಡಿ, ಲೋಹ ತೆಗೆದರೆ ಬಿಗಿ ಹೆಚ್ಚುವುದಿಲ್ಲ. ಮಾಡಿಸುವುದಾದರೆ ಬ್ಯಾರೆಲ್ ತಯಾರಕರಿಂದಲೇ ಮಾಡಿಸಿ. ಕಾರ್ಬನ್ ಸುತ್ತಿದ ಬ್ಯಾರೆಲ್ ಬೆಟ್ಟದ ಬೇಟೆಗೆ ಒಳ್ಳೆಯದು, ದಪ್ಪ ತುದಿ ಮತ್ತು ಕಡಿಮೆ ತೂಕ ಎರಡೂ ಸಿಗುತ್ತವೆ. ಒಂದೇ ಸಮನೆ ಹೊಡೆಯುವ ಸ್ಪರ್ಧೆಗೆ ನಾನಾದರೆ ಉಕ್ಕನ್ನೇ ಆರಿಸುತ್ತೇನೆ.

ತುದಿಗೆ ಧಕ್ಕೆ ತಗ್ಗಿಸುವ ಬ್ರೇಕ್ ಅಥವಾ ಸೈಲೆನ್ಸರ್ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿ. ಸಾಮಾನ್ಯ ಥ್ರೆಡ್ 5/8-24, ಅಂದರೆ 0.625 ಇಂಚು ವ್ಯಾಸ, ಇಂಚಿಗೆ 24 ಸುತ್ತು. ತೆಳು ಬೇಟೆ ಬ್ಯಾರೆಲ್ಲಿನ ತುದಿ ಕೆಲವೊಮ್ಮೆ 0.6 ಇಂಚು ಅಷ್ಟೇ ಇರುತ್ತದೆ. ಅದರಲ್ಲಿ ಈ ಥ್ರೆಡ್ ಎಲ್ಲಿಂದ ಬರಬೇಕು? ಆನಿಕೊಳ್ಳಲು ಅಂಚು ಸಿಗಬೇಕಾದರೆ ತುದಿ 0.75 ಇಂಚಾದರೂ ಇರಲಿ.

ಇನ್ನು ಚೇಂಬರ್. ಜನ ಬ್ಯಾರೆಲ್ ಕಂಪನಿ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಚೇಂಬರ್ ಬಗ್ಗೆ ತೋಟಾದ ಹೆಸರು ಬಿಟ್ಟು ಇನ್ನೇನೂ ಹೇಳುವುದಿಲ್ಲ. ಚೇಂಬರ್ ಕೊರೆಯುವ ರೀಮರ್ ಒಂದೇ ತೋಟಾಗೆ ಹತ್ತಾರು ಬಗೆ ಇರುತ್ತವೆ. ನೋಡಬೇಕಾದದ್ದು ಎರಡು.

ಒಂದು, ಫ್ರೀಬೋರ್. ಚಿಪ್ಪಿನ ಬಾಯಿಗೂ ಗೆರೆ ಶುರುವಾಗುವ ಜಾಗಕ್ಕೂ ನಡುವಿನ ಗೆರೆಯಿಲ್ಲದ ಭಾಗ ಅದು. ಉದ್ದನೆಯ ಗುಂಡಿಗೆ ಗಿಡ್ಡ ಫ್ರೀಬೋರ್ ಇದ್ದರೆ ಗುಂಡು ಮದ್ದಿನ ಜಾಗ ತಿನ್ನುತ್ತದೆ. ಗಿಡ್ಡ ಗುಂಡಿಗೆ ಉದ್ದ ಫ್ರೀಬೋರ್ ಇದ್ದರೆ ಗೆರೆ ಮುಟ್ಟುವ ತನಕ ಗುಂಡು ದೂರ ಹಾರಬೇಕು. ದಾರಿ ಸರಳವಾಗಿದೆ: ಮದ್ದೂ ಪ್ರೈಮರೂ ಇಲ್ಲದ ಡಮ್ಮಿ ತೋಟಾ ಒಂದನ್ನು, ನಿಮ್ಮ ಗುಂಡು ನಿಮ್ಮ ಮ್ಯಾಗಜೀನಿಗೆ ಹಿಡಿಸುವ ಉದ್ದಕ್ಕೆ ಕೂರಿಸಿ ಗನ್‌ಸ್ಮಿತ್‌ಗೆ ಕೊಡಿ. ಅವರು ಅದಕ್ಕೆ ಹೊಂದುವ ರೀಮರ್ ಆರಿಸುತ್ತಾರೆ. ಹತ್ತು ಸಾಲಿನ ವಿವರಣೆಗಿಂತ ಆ ಒಂದು ಡಮ್ಮಿ ಮೇಲು.

ಎರಡು, ಕುತ್ತಿಗೆಯ ಸಡಿಲ. ಗುಂಡು ಕೂತ ಚಿಪ್ಪಿನ ಕುತ್ತಿಗೆಗಿಂತ ಚೇಂಬರ್ ಕುತ್ತಿಗೆ 0.003ರಿಂದ 0.005 ಇಂಚು ದೊಡ್ಡದಿರಲಿ. ಬಿಗಿ ಕುತ್ತಿಗೆ ಬೆಂಚ್‌ರೆಸ್ಟ್ ಸ್ಪರ್ಧಿಗಳ ಆಟ. ಅದಕ್ಕೆ ಪ್ರತಿ ಚಿಪ್ಪಿನ ಕುತ್ತಿಗೆಯನ್ನೂ ಕೆರೆದು ತೆಳು ಮಾಡಬೇಕು. ಕೆರೆಯದ ಚಿಪ್ಪನ್ನು ತಪ್ಪಿ ಹಾಕಿದರೆ ಅದು ಹಿಗ್ಗಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಮೊದಲ ರೈಫಲ್ಲಿಗೆ ಅದು ಬೇಡ.

ಹಂತ 6: ಎರಡನ್ನೂ ಜೋಡಿಸುವ ದಾರಿ

ಮೂರು ದಾರಿಗಳಿವೆ. ಗನ್‌ಸ್ಮಿತ್ ನಿಮ್ಮ ಆ್ಯಕ್ಷನ್ನನ್ನೇ ಅಳೆದು ಕಚ್ಚಾ ಬ್ಯಾರೆಲ್ಲಿಗೆ ಥ್ರೆಡ್, ಚೇಂಬರ್, ತುದಿಯ ಕ್ರೌನ್ (ಗುಂಡು ಹೊರಬೀಳುವ ಬಾಯಿಯ ಅಂಚು) ಎಲ್ಲ ಮಾಡುವುದು ಮೊದಲನೆಯದು. ಕಾರ್ಖಾನೆ ಆ್ಯಕ್ಷನ್‌ಗೆ ಇದೇ ಉತ್ತಮ. ಎರಡನೆಯದು ಬ್ಯಾರೆಲ್ ನಟ್: ಚೇಂಬರ್ ಮಾಡಿದ ಬ್ಯಾರೆಲ್ ಬರುತ್ತದೆ, ಗೇಜ್ ಇಟ್ಟು ತಿರುಗಿಸಿ ಸರಿಯಾದ ಜಾಗದಲ್ಲಿ ನಟ್ ಬಿಗಿಯುವುದು. ಮೂರನೆಯದು ಶೋಲ್ಡರ್ಡ್ ಪ್ರಿಫಿಟ್ (ಮೊದಲೇ ಅಳತೆಗೆ ಮುಗಿಸಿದ ಬ್ಯಾರೆಲ್): ಅಳತೆ ಹಿಡಿದಿಡುವ ಆ್ಯಕ್ಷನ್‌ಗೆ ನೇರವಾಗಿ ತಿರುಗಿಸಿ ಬಿಗಿದರೆ ಮುಗಿಯಿತು.

ಯಾವ ದಾರಿಯಾದರೂ ಹೆಡ್‌ಸ್ಪೇಸ್ ಪರೀಕ್ಷೆ ತಪ್ಪಿಸುವಂತಿಲ್ಲ. ಬೋಲ್ಟ್ ಮುಖದಿಂದ ಚೇಂಬರಿನ ಭುಜದ ಮೇಲಿನ ಗೊತ್ತಾದ ಬಿಂದುವಿನ ತನಕದ ದೂರ ಅದು. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ 1.634. ನಡುವೆ ಇರುವುದು 0.1 ಮಿ.ಮೀ. ಮಾತ್ರ. ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಪರೀಕ್ಷೆ ಮಾಡುವಾಗ ಎಜೆಕ್ಟರ್ ಮತ್ತು ಫೈರಿಂಗ್ ಪಿನ್ ಬಿಚ್ಚಿರಬೇಕು, ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡ ಕೈಗೆ ಸುಳ್ಳು ಹೇಳುತ್ತದೆ. ಪ್ರಿಫಿಟ್ ಬ್ಯಾರೆಲ್ ಬಂದಾಗ "ಕಂಪನಿಯವರು ನೋಡಿರುತ್ತಾರೆ ಬಿಡಿ" ಅಂತ ಸುಮ್ನೆ ಹೊಡೆಯಲು ಹೋಗಬೇಡಿ. ನಿಮ್ಮಲ್ಲಿ ಗೇಜ್ ಇಲ್ಲದಿದ್ದರೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

ಹಂತ 7: ಆರ್ಡರ್ ಮತ್ತು ಮೊದಲ ಗುಂಡುಗಳು

ಬಾಯಿ ಮಾತಲ್ಲಿ ಆರ್ಡರ್ ಕೊಡಬೇಡಿ. ಆ್ಯಕ್ಷನ್ನಿನ ಹೆಸರು, ಬೋಲ್ಟ್ ಮುಖ, ತೋಟಾ, ಬಳಸುವ ಗುಂಡಿನ ಪೂರ್ತಿ ಹೆಸರು, ಟ್ವಿಸ್ಟ್, ಬ್ಯಾರೆಲ್ ಆಕಾರ, ಮುಗಿದ ಮೇಲಿನ ಉದ್ದ, ತುದಿಯ ಥ್ರೆಡ್, ಮ್ಯಾಗಜೀನ್ ಬಗೆ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡಿ. ಚೇಂಬರ್ ಮಾಡಿದ ರೀಮರಿನ ನಕ್ಷೆಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಎರಡನೆಯ ಬ್ಯಾರೆಲ್ ಮಾಡಿಸುವಾಗ ಅದೇ ರೀಮರ್ ಬಳಸಿದರೆ ನಿಮ್ಮ ಡೈಗಳೂ (ಹೊಡೆದ ಚಿಪ್ಪನ್ನು ಮತ್ತೆ ಅಳತೆಗೆ ತರುವ ಅಚ್ಚುಗಳು) ಚಿಪ್ಪುಗಳೂ ಹೊಂದುತ್ತವೆ. ಬ್ಯಾರೆಲ್ಲಿನ ಮೇಲೆ ತೋಟಾದ ಹೆಸರು ಕೊರೆಸಲು ಮರೆಯಬೇಡಿ. ಎರಡು ಬ್ಯಾರೆಲ್ ಇರುವವರಿಗೆ ಅದು ಪ್ರಾಣ ಉಳಿಸುವ ಗುರುತು.

ರೈಫಲ್ ಕೈಗೆ ಬಂದಾಗ ಮೊದಲು ಬ್ಯಾರೆಲ್ ಸ್ಟಾಕಿಗೆ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ. ಒಂದು ಕಾಗದದ ಹಾಳೆ ಆ್ಯಕ್ಷನ್ ತನಕ ಸರಾಗ ಜಾರಬೇಕು. ಡಮ್ಮಿ ತೋಟಾಗಳನ್ನು ಮ್ಯಾಗಜೀನಿನಿಂದ ನಿಧಾನವಾಗಿಯೂ ಜೋರಾಗಿಯೂ ತುಂಬಿ ನೋಡಿ. ಕೊಳವೆಯನ್ನು ಎಣ್ಣೆ ಉಳಿಯದಂತೆ ಒರೆಸಿ. ಚೇಂಬರಿಗೆ ಹೊಂದುವ ಕಾರ್ಖಾನೆ ತೋಟಾದಿಂದಲೇ ಶುರುಮಾಡಿ. ಮೊದಲ ಚಿಪ್ಪು ತೆಗೆದು ನೋಡಿ: ಪ್ರೈಮರ್ ಚಪ್ಪಟೆಯಾಗಿದೆಯಾ, ತಳದ ಮೇಲೆ ಹೊಳೆಯುವ ಬಳೆಯಂಥ ಗುರುತು ಇದೆಯಾ, ಬೋಲ್ಟ್ ಬಿಗಿಯಾಗಿ ಎದ್ದಿತಾ. ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ, ಗನ್‌ಸ್ಮಿತ್‌ಗೆ ತೋರಿಸಿ.

ಬ್ರೇಕ್-ಇನ್ (ಹೊಸ ಬ್ಯಾರೆಲ್ಲನ್ನು ಹೊಡೆದು, ಒರೆಸಿ ಪಳಗಿಸುವುದು) ಬಗ್ಗೆ ಬ್ಯಾರೆಲ್ ತಯಾರಕರು ಏನು ಹೇಳಿದ್ದಾರೋ ಅಷ್ಟು ಮಾಡಿ ಬಿಡಿ. ಕೈಯಿಂದ ಲ್ಯಾಪ್ ಮಾಡಿದ ಬ್ಯಾರೆಲ್‌ಗೆ ಅದು ಹೆಚ್ಚೇನೂ ಬೇಕಾಗುವುದಿಲ್ಲ. ಆದರೆ ಮದ್ದಿನ ಅಳತೆ ಅಂತಿಮಗೊಳಿಸಲು ಅವಸರ ಬೇಡ. ಹೊಸ ಬ್ಯಾರೆಲ್‌ಗಳಲ್ಲಿ ಮೊದಲ 100-200 ಗುಂಡುಗಳ ಒಳಗೆ ವೇಗ ತಾನಾಗಿ ಸ್ವಲ್ಪ ಏರುವುದು ಸಾಮಾನ್ಯ. 20ನೆಯ ಗುಂಡಿನಲ್ಲಿ ಸರಿಯಾಗಿದ್ದ ತೋಟಾ 150ರ ಹೊತ್ತಿಗೆ ಒತ್ತಡದ ಗುರುತು ತೋರಿಸಬಹುದು. ಅಷ್ಟರ ತನಕ ಸ್ಕೋಪ್ ಹೊಂದಿಸುವುದು, ಟ್ರಿಗರ್ ಅಭ್ಯಾಸ ಮಾಡಿಕೊಳ್ಳುವುದು ಇಂಥ ಕೆಲಸ ಮುಗಿಸಿ. ಆಮೇಲೆ ಕ್ರೋನೋಗ್ರಾಫ್ ಇಟ್ಟು ವೇಗ ಹೊಸದಾಗಿ ಅಳೆದು, ಆ ಅಂಕಿಯನ್ನೇ ನಿಮ್ಮ ದೂರದ ಲೆಕ್ಕಕ್ಕೆ ಬಳಸಿ.